ಸೋತವರ ಮತದ ಲೆಕ್ಕ

1936ನೆಯ ಇಸವಿಯ ನವೆಂಬರ್ 3, ಮಂಗಳವಾರ. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಜನರು ತಮ್ಮ ಅಧ್ಯಕ್ಷರನ್ನು ಆರಿಸಲು ಮತಗಟ್ಟೆಗಳಿಗೆ ನಡೆದ ದಿನವದು. ಆಗಲೇ ಅಧ್ಯಕ್ಷ ಪದವಿಯಲ್ಲಿದ್ದ ಡೆಮೊಕ್ರಾಟಿಕ್ ಪಕ್ಷದ ಫ್ರಾಂಕ್ಲಿನ್ ರೂಸ್‌ವೆಲ್ಟರು ಒಂದು ಕಡೆ. ಕ್ಯಾನ್ಸಾಸ್ ರಾಜ್ಯದ ಗವರ್ನರಾಗಿದ್ದ ರಿಪಬ್ಲಿಕನ್ ಪಕ್ಷದ ಆಲ್ಫ್ರೆಡ್ ಲ್ಯಾಂಡನ್ನರು ಇನ್ನೊಂದು ಕಡೆ. ರೂಸ್‌ವೆಲ್ಟರ ಚುನಾವಣೆಯ ಹೊಣೆ ಹೊತ್ತಿದ್ದ ಜೇಮ್ಸ್ ಫಾರ್ಲಿಯವರು, ಮೇನ್ ಮತ್ತು ವರ್ಮಾಂಟ್ ಎಂಬ ಎರಡು ರಾಜ್ಯಗಳನ್ನುಳಿದು ಮಿಕ್ಕವೆಲ್ಲವೂ ತಮ್ಮ ಪಾಲಿಗೆ ಬರುವುವೆಂದು ಮೊದಲೇ ಭವಿಷ್ಯ ನುಡಿದಿದ್ದರು. ಜ್ಯೋತಿಷಿಗಳೂ ನಾಚುವಂತೆ ಆ ಮಾತು ಅಕ್ಷರಶಃ ನಿಜವಾಯಿತು. 48 ರಾಜ್ಯಗಳಲ್ಲಿ 46 ರೂಸ್‌ವೆಲ್ಟರವಾದವು. ಲ್ಯಾಂಡನ್ನರಿಗೆ ಉಳಿದದ್ದು ಆ ಎರಡೇ.

ಮೇನ್ ರಾಜ್ಯದ ಸ್ಥಳೀಯ ಚುನಾವಣೆಗಳು ಆಗ ಸೆಪ್ಟೆಂಬರಿನಲ್ಲಿಯೇ ಮುಗಿದುಬಿಡುತ್ತಿದ್ದವು. ಆದ್ದರಿಂದ ‘ಮೇನ್ ಹೋದ ಹಾದಿಯಲ್ಲಿ ದೇಶ’ ಎಂಬ ಗಾದೆಯೊಂದು ಆ ದೇಶದಲ್ಲಿ ಬಳಕೆಯಲ್ಲಿತ್ತು. ಫಾರ್ಲಿಯವರು ಅದನ್ನೇ ತಿರುಚಿ, ಮೇನ್ ಹೋದ ಹಾದಿಯಲ್ಲಿ ಹೋಗುವುದು ವರ್ಮಾಂಟ್ ಒಂದೇ ಎಂದು ಹಾಸ್ಯ ಮಾಡಿದರು. ದೇಶವೆಲ್ಲ ನಕ್ಕಿತು. ವರ್ಮಾಂಟಿನ ಜನ ಮಾತ್ರ ತಮಗೇನೂ ಆಗಿಲ್ಲವೆಂಬಂತೆ ಹಸು ಕರೆಯಲು ಹೊರಟುಹೋದರು. ಏಕೆಂದರೆ ಅವರು ಆ ದಿನ ಮಾಡಿದ್ದು ಹೊಸದೇನೂ ಅಲ್ಲ. ಅಜ್ಜ ಮುತ್ತಜ್ಜಂದಿರು ಮಾಡಿದ್ದನ್ನೇ ಅವರೂ ಮಾಡಿದ್ದರು.

ಅದೇ ದಿನ ಅದೇ ದೇಶದ ದಕ್ಷಿಣದಲ್ಲಿ, ಅಟ್ಲಾಂಟಿಕ್ ಸಾಗರದ ತೀರದಲ್ಲಿರುವ ಸೌತ್ ಕೆರೊಲೈನಾ ರಾಜ್ಯದಲ್ಲಿಯೂ ಮತಗಳ ಎಣಿಕೆ ನಡೆಯಿತು. ಅಲ್ಲಿ ರೂಸ್‌ವೆಲ್ಟರಿಗೆ ಬಂದದ್ದು ಶೇಕಡ 98ಕ್ಕೂ ಹೆಚ್ಚು ಮತ. ಲ್ಯಾಂಡನ್ನರಿಗೆ ಇಡೀ ರಾಜ್ಯದಲ್ಲಿ ಎರಡು ಸಾವಿರ ಮತವೂ ದೊರೆಯಲಿಲ್ಲ.

ವರ್ಮಾಂಟೂ ಏಕಪಕ್ಷೀಯ, ಸೌತ್ ಕೆರೊಲೈನಾವೂ ಏಕಪಕ್ಷೀಯ. ಎರಡು ಕಡೆಯೂ ಫಲಿತಾಂಶ ಮೊದಲೇ ಎಲ್ಲರಿಗೂ ಗೊತ್ತು. ಹೊರಗಿನಿಂದ ನೋಡುವವನಿಗೆ ಒಂದೇ ನಾಣ್ಯದ ಎರಡು ಮುಖಗಳಂತೆ ತೋರುವ ಈ ರಾಜ್ಯಗಳ ನಡುವೆ ಅಜಗಜಾಂತರವಿದ್ದಿತು. ಆ ಅಂತರವನ್ನು ತಿಳಿಯಬೇಕಾದರೆ ಗೆದ್ದವರ ಮತವನ್ನಲ್ಲ, ಸೋತವರ ಮತವನ್ನು ಎಣಿಸಬೇಕು.

ಮೊದಲು ಚುನಾವಣೆಯ ಕ್ರಮವನ್ನು ಸ್ವಲ್ಪ ತಿಳಿಯುವುದು ಅಗತ್ಯ. ಅಮೆರಿಕಾದ ಅಧ್ಯಕ್ಷರನ್ನು ಜನರು ನೇರವಾಗಿ ಆರಿಸುವುದಿಲ್ಲ. ಒಂದೊಂದು ರಾಜ್ಯಕ್ಕೂ ಇಂತಿಷ್ಟು ಎಂದು ‘ಎಲೆಕ್ಟರ್’ಗಳೆಂಬ ಪ್ರತಿನಿಧಿಗಳಿರುತ್ತಾರೆ. ಆ ರಾಜ್ಯದಿಂದ ಕೇಂದ್ರದ ಶಾಸನಸಭೆಯ ಎರಡು ಮನೆಗಳಿಗೂ ಎಷ್ಟು ಮಂದಿ ಸದಸ್ಯರು ಹೋಗುವರೋ ಅಷ್ಟೇ ಎಲೆಕ್ಟರುಗಳು. ಈಗ ಅವರ ಒಟ್ಟು ಸಂಖ್ಯೆ 538. ಗೆಲ್ಲಲು ಬೇಕಾದುದು 270. ರಾಜ್ಯದಲ್ಲಿ ಯಾರಿಗೆ ಒಂದೇ ಒಂದು ಮತ ಹೆಚ್ಚು ಬಂದರೂ ಆ ರಾಜ್ಯದ ಎಲ್ಲ ಎಲೆಕ್ಟರುಗಳೂ ಅವರ ಪಾಲಾಗುವರು. ಈ ಕಟ್ಟಳೆಗೆ ಹೊರತಾದವು ಎರಡೇ ರಾಜ್ಯಗಳು: 1972ರ ಚುನಾವಣೆಯಿಂದ ಮೇನ್, 1992ರಿಂದ ನೆಬ್ರಾಸ್ಕಾ. ಭಾರತದ ಲೋಕಸಭೆಯ ಒಂದು ಕ್ಷೇತ್ರದಲ್ಲಿ ಹೆಚ್ಚು ಮತ ಪಡೆದವರಿಗೇ ಸ್ಥಾನ ಸಲ್ಲುವಂತೆ, ಅಲ್ಲಿ ಇಡೀ ರಾಜ್ಯವೇ ಒಂದು ಕ್ಷೇತ್ರ.

ಇದರ ಪರಿಣಾಮ ವಿಚಿತ್ರ. 2000ದಲ್ಲಿ ಫ್ಲಾರಿಡಾ ರಾಜ್ಯದ 537 ಮತಗಳ ಅಂತರ ಅಮೆರಿಕಾದ ಅಧ್ಯಕ್ಷರು ಯಾರೆಂಬುದನ್ನೇ ನಿರ್ಣಯಿಸಿತು. 2020ರಲ್ಲಿ ವರ್ಮಾಂಟಿನಲ್ಲಿ ಜೋ ಬೈಡನ್ನರಿಗೆ 2,42,820 ಮತಗಳೂ ಡೊನಾಲ್ಡ್ ಟ್ರಂಪರಿಗೆ 1,12,704 ಮತಗಳೂ ಬಂದವು. ಅಂತರ 1,30,116. ಬೈಡನ್ನರಿಗೆ ದೊರೆತ ಎಲೆಕ್ಟರುಗಳು ಮೂವರು. ಒಂದೇ ಮತದಿಂದ ಗೆದ್ದಿದ್ದರೂ ಅದೇ ಮೂವರು. ಹಾಗಾದರೆ ಮಿಕ್ಕ ಒಂದು ಲಕ್ಷ ಮೂವತ್ತು ಸಾವಿರ ಮತಗಳಿಂದ ಆದುದೇನು? ಸೋತವರ ಒಂದು ಲಕ್ಷ ಹನ್ನೆರಡು ಸಾವಿರ ಮತಗಳಿಂದ ಆದುದೇನು? ಕೇವಲ ಅಂಕಗಣಿತದ ದೃಷ್ಟಿಯಿಂದ ನೋಡಿದರೆ ಎರಡರಿಂದಲೂ ಏನೂ ಆಗಲಿಲ್ಲ. ಇಂತಹ ರಾಜ್ಯಗಳಿಗೆ ಅಭ್ಯರ್ಥಿಗಳು ಮತ ಬೇಡಲು ಬರುವುದೂ ಅಪರೂಪ. ಗೆಲ್ಲುವವನಿಗೆ ಅಗತ್ಯವಿಲ್ಲ, ಸೋಲುವವನಿಗೆ ಆಸೆಯಿಲ್ಲ. ನವೆಂಬರಿನ ಚಳಿಯಲ್ಲಿ ಕೋಟು ತೊಟ್ಟು ಮತಗಟ್ಟೆಗೆ ಹೋಗುವ ಮನುಷ್ಯ ‘ನನ್ನ ಮತ ಯಾವ ಸುಖಕ್ಕೆ?’ ಎಂದು ಕೇಳಿದರೆ ಅದು ಸೋಮಾರಿಯ ಪ್ರಶ್ನೆಯಲ್ಲ, ನ್ಯಾಯವಾದ ಪ್ರಶ್ನೆ.

ಆ ಪ್ರಶ್ನೆಗೆ ಉತ್ತರ ಅಂಕಗಣಿತದಲ್ಲಿಲ್ಲ, ಚರಿತ್ರೆಯಲ್ಲಿದೆ.

ವರ್ಮಾಂಟ್ ಬಹು ಚಿಕ್ಕ ರಾಜ್ಯ. ವಿಸ್ತಾರದಲ್ಲಿ ಕರ್ನಾಟಕದ ಸುಮಾರು ಎಂಟರಲ್ಲೊಂದು ಪಾಲು. 2020ರ ಜನಗಣತಿಯಂತೆ ಅಲ್ಲಿಯ ಜನ ಆರೂವರೆ ಲಕ್ಷಕ್ಕೂ ಕಡಿಮೆ, ಎಂದರೆ ಮೈಸೂರು ನಗರ ಒಂದರ ಜನಸಂಖ್ಯೆಯಷ್ಟೂ ಇಲ್ಲ. ಅದರ ರಾಜಧಾನಿ ಮಾಂಟ್‌ಪೀಲಿಯರಿನಲ್ಲಿರುವವರು ಸುಮಾರು ಎಂಟು ಸಾವಿರ ಮಂದಿ. ನಡುವೆ ಹಸುರು ಬೆಟ್ಟಗಳ ಸಾಲು, ಇಕ್ಕೆಲಗಳಲ್ಲಿ ಹಾಲಿನ ಹಟ್ಟಿಗಳು, ಮೇಪಲ್ ಮರದ ರಸವನ್ನು ಕಾಯಿಸಿ ಪಾಕ ಮಾಡುವ ಕೊಪ್ಪಲುಗಳು. ಮಾರ್ಚಿ ತಿಂಗಳ ಮೊದಲನೆಯ ಮಂಗಳವಾರ ಊರವರೆಲ್ಲ ಒಂದೆಡೆ ಕಲೆತು ರಸ್ತೆ, ಶಾಲೆ, ತೆರಿಗೆಗಳ ವಿಷಯವನ್ನು ತಾವೇ ಚರ್ಚಿಸಿ ತೀರ್ಮಾನಿಸುವ ಪದ್ಧತಿ ಆ ನಾಡಿನ ಅನೇಕ ಊರುಗಳಲ್ಲಿ ಇಂದಿಗೂ ಉಂಟು.

1777ರಷ್ಟು ಹಿಂದೆಯೇ, ಇನ್ನೂ ಸಂಯುಕ್ತ ಸಂಸ್ಥಾನಗಳನ್ನು ಸೇರದೆ ಸ್ವತಂತ್ರವಾಗಿದ್ದ ಕಾಲದಲ್ಲಿ, ವರ್ಮಾಂಟ್ ತನ್ನ ಸಂವಿಧಾನದಲ್ಲಿ ವಯಸ್ಕರ ಗುಲಾಮಗಿರಿಯನ್ನು ನಿಷೇಧಿಸಿತ್ತು. ಗುಲಾಮಗಿರಿಯ ವಿಸ್ತರಣೆಯನ್ನು ವಿರೋಧಿಸಲೆಂದೇ 1854ರಲ್ಲಿ ಹುಟ್ಟಿದ ರಿಪಬ್ಲಿಕನ್ ಪಕ್ಷ ಆ ಜನರಿಗೆ ಒಡನೆಯೇ ಸ್ವಂತ ಮನೆಯಂತೆ ಕಂಡಿತು. ಆ ಪಕ್ಷ ಅಧ್ಯಕ್ಷ ಪದವಿಗೆ ಮೊದಲ ಸಲ ಸ್ಪರ್ಧಿಸಿದ 1856ರಿಂದ 1960ರವರೆಗೆ ನಡೆದ 27 ಚುನಾವಣೆಗಳಲ್ಲಿ ವರ್ಮಾಂಟ್ ಒಮ್ಮೆಯೂ ತಪ್ಪದೆ ಅದರ ಕೈಹಿಡಿಯಿತು. ರಾಜ್ಯದ ಗವರ್ನರ್ ಪದವಿಯೂ ಒಂದು ಶತಮಾನಕ್ಕೂ ಮೀರಿ ಆ ಪಕ್ಷವನ್ನು ಬಿಟ್ಟು ಕದಲಲಿಲ್ಲ. ಬೆಟ್ಟದ ಮೂಡಲ ಮಗ್ಗುಲಿನವರು ಒಮ್ಮೆ, ಪಡುವಲ ಮಗ್ಗುಲಿನವರು ಒಮ್ಮೆ ಎಂದು ಪಕ್ಷದೊಳಗೇ ಸರದಿಯ ಒಪ್ಪಂದವೊಂದು ಬಹುಕಾಲ ನಡೆದುಬಂದಿತು.

ಆದರೂ ಆ ಮನೆಯಲ್ಲಿ ಮಾತಿಗೆ ಬೀಗವಿರಲಿಲ್ಲ. 1936ರಲ್ಲಿ ಲ್ಯಾಂಡನ್ನರಿಗೆ ಅಲ್ಲಿ ಬಂದದ್ದು ಶೇಕಡ ಸುಮಾರು 56 ಮತ. ಶೇಕಡ 43ರಷ್ಟು ಮತದಾರರು ರೂಸ್‌ವೆಲ್ಟರ ಕಡೆಗಿದ್ದರು. ದೇಶವೆಲ್ಲ ಪರಿಹಾಸ ಮಾಡಿದ ಆ ‘ಏಕಪಕ್ಷೀಯ’ ನಾಡಿನಲ್ಲಿ ಹತ್ತರಲ್ಲಿ ನಾಲ್ವರು ಎದುರುಪಕ್ಷಕ್ಕೆ ಮತ ಹಾಕಿ, ಅದು ಎಣಿಕೆಯಾಗಿ, ಅಚ್ಚಾಗಿ, ಎಲ್ಲರಿಗೂ ತಿಳಿದಿತ್ತು. ಮುಂದೆ 1954ರಲ್ಲಿ, ಎದುರಾಡಿದವರನ್ನೆಲ್ಲ ದೇಶದ್ರೋಹಿಗಳೆಂದು ಬೆದರಿಸುತ್ತಿದ್ದ ರಿಪಬ್ಲಿಕನ್ ಸೆನೆಟರ್ ಜೋಸೆಫ್ ಮೆಕಾರ್ಥಿಯವರ ಮೇಲೆ ಖಂಡನಾ ನಿರ್ಣಯವನ್ನು ತಂದವರು ಬೇರೆ ಪಕ್ಷದವರಲ್ಲ. ವರ್ಮಾಂಟಿನ ರಿಪಬ್ಲಿಕನ್ ಸೆನೆಟರ್ ರಾಲ್ಫ್ ಫ್ಲಾಂಡರ್ಸರು.

ಈಗ ಸೌತ್ ಕೆರೊಲೈನಾದ ಲೆಕ್ಕವನ್ನು ನೋಡಬೇಕು. 1936ರಲ್ಲಿ ಆ ರಾಜ್ಯದ ಜನಸಂಖ್ಯೆ ಹದಿನೇಳು ಲಕ್ಷಕ್ಕೂ ಹೆಚ್ಚು; ವರ್ಮಾಂಟಿನದು ನಾಲ್ಕು ಲಕ್ಷಕ್ಕೂ ಕಡಿಮೆ. ಹೀಗಿದ್ದೂ ಆ ಚುನಾವಣೆಯಲ್ಲಿ ಸೌತ್ ಕೆರೊಲೈನಾದಲ್ಲಿ ಚಲಾವಣೆಯಾದ ಒಟ್ಟು ಮತಗಳು ಸುಮಾರು 1,15,000. ಪುಟ್ಟ ವರ್ಮಾಂಟಿನಲ್ಲಿ ಸುಮಾರು 1,43,000! ಜನಸಂಖ್ಯೆಯಲ್ಲಿ ನಾಲ್ಕು ಮಡಿಗೂ ಮೀರಿದ ರಾಜ್ಯ ಮತಗಳಲ್ಲಿ ಹಿಂದೆ ಬಿದ್ದುದು ಹೇಗೆ? ಅಲ್ಲಿಯ ಜನಸಂಖ್ಯೆಯಲ್ಲಿ ಶೇಕಡ ನಲವತ್ತಕ್ಕೂ ಹೆಚ್ಚಾಗಿದ್ದ ಕಪ್ಪು ಜನರು ಮತಗಟ್ಟೆಯ ಬಳಿಗೂ ಸುಳಿಯದಂತೆ ಕಟ್ಟುಪಾಡುಗಳಿದ್ದವು. ಮತದ ಹಕ್ಕಿಗೆ ತೆರಿಗೆ, ಓದುಬರಹದ ಪರೀಕ್ಷೆ, ಅವುಗಳ ಹಿಂದೆ ಬೆದರಿಕೆ. ಬಡ ಬಿಳಿಯರಲ್ಲಿಯೂ ಅನೇಕರು ಈ ಬಲೆಯಲ್ಲಿ ಸಿಕ್ಕಿಬಿದ್ದರು. ಎಲ್ಲಕ್ಕೂ ಮಿಗಿಲಾಗಿ, ಡೆಮೊಕ್ರಾಟಿಕ್ ಪಕ್ಷದ ‘ಪ್ರೈಮರಿ’ ಎಂಬ ಒಳಚುನಾವಣೆಯಲ್ಲಿ ಬಿಳಿಯರಿಗೆ ಮಾತ್ರವೇ ಪ್ರವೇಶ. ಆ ಪಕ್ಷದ ಅಭ್ಯರ್ಥಿಯಾದವನು ಗೆದ್ದಂತೆಯೇ ಆದ್ದರಿಂದ ನಿಜವಾದ ಚುನಾವಣೆ ಅದೇ. ನವೆಂಬರಿನದು ಶಾಸ್ತ್ರಕ್ಕೆ ಮಾತ್ರ. ಶೇಕಡ 98 ಎಂಬ ಆ ಭಾರಿ ಅಂಕ ಜನಾಭಿಪ್ರಾಯದ ಅಳತೆಯಾಗಿರದೆ ಬಾಗಿಲ ಹೊರಗೆ ನಿಂತವರ ಅಳತೆಯಾಗಿತ್ತು.

ಆ ಬಾಗಿಲನ್ನು ತಟ್ಟಿದವರ ಕಥೆ ನೆನೆಯತಕ್ಕದ್ದು. 1944ರಲ್ಲಿ ಅಮೆರಿಕಾದ ಸರ್ವೋಚ್ಚ ನ್ಯಾಯಾಲಯ ಬಿಳಿಯರಿಗೆ ಮಾತ್ರ ಮೀಸಲಾದ ಪ್ರೈಮರಿ ಸಂವಿಧಾನವಿರೋಧವೆಂದು ತೀರ್ಪಿತ್ತಿತು. ಸೌತ್ ಕೆರೊಲೈನಾದ ಆಡಳಿತಗಾರರು ಉಪಾಯ ಹೂಡಿದರು. ಪ್ರೈಮರಿಗೆ ಸಂಬಂಧಪಟ್ಟ ಕಾಯಿದೆಗಳನ್ನೇ ರದ್ದುಮಾಡಿ, ಪಕ್ಷವೆಂಬುದು ಖಾಸಗಿ ಸಂಘ, ಅದರೊಳಗೆ ಯಾರು ಬರಬೇಕೆಂಬುದು ಸಂಘದ ಇಷ್ಟ ಎಂದುಬಿಟ್ಟರು. 1946ರಲ್ಲಿ ಕೊಲಂಬಿಯಾ ನಗರದ ಜಾರ್ಜ್ ಎಲ್ಮೋರ್ ಎಂಬ ಕಪ್ಪು ಮನುಷ್ಯರು, ಒಂದು ಚಿಕ್ಕ ಅಂಗಡಿಯ ಮಾಲಿಕರು, ಪ್ರೈಮರಿಯಲ್ಲಿ ಮತ ಹಾಕಲು ಹೋಗಿ ಹಿಂದಕ್ಕೆ ಕಳುಹಿಸಲ್ಪಟ್ಟರು. ಅವರು ಸುಮ್ಮನಾಗಲಿಲ್ಲ, ದಾವೆ ಹೂಡಿದರು.

ದಾವೆ ಬಂದದ್ದು ನ್ಯಾಯಾಧೀಶ ವೇಟೀಸ್ ವಾರಿಂಗರ ಮುಂದೆ. ಅವರು ಚಾರ್ಲ್ಸ್‌ಟನ್ ನಗರದ ಹಳೆಯ ಮನೆತನದವರು. ಅವರ ತಂದೆ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪಕ್ಷದ ಸೈನ್ಯದಲ್ಲಿ ಹೋರಾಡಿದವರು. ಹುಟ್ಟು, ಬಳಗ, ನೆರೆಹೊರೆಗಳೆಲ್ಲ ಒಂದು ಕಡೆಗೆ ಎಳೆಯುತ್ತಿರಲು, ವಾರಿಂಗರು 1947ರಲ್ಲಿ ಎಲ್ಮೋರರ ಪರವಾಗಿ ತೀರ್ಪಿತ್ತರು. ಮರುವರ್ಷದ ಪ್ರೈಮರಿಯಲ್ಲಿ ಸಾವಿರಾರು ಮಂದಿ ಕಪ್ಪು ಜನರು ತಲೆಮಾರುಗಳ ಬಳಿಕ ಮೊದಲ ಬಾರಿಗೆ ಸಾಲು ನಿಂತು ಮತ ಹಾಕಿದರು.

ಇಬ್ಬರೂ ಇದಕ್ಕೆ ಬೆಲೆ ತೆತ್ತರು. ಎಲ್ಮೋರರ ಮನೆಯ ಮುಂದೆ ಶಿಲುಬೆಯನ್ನು ಸುಟ್ಟು ಬೆದರಿಸಲಾಯಿತು, ಸಗಟು ವ್ಯಾಪಾರಿಗಳು ಸರಕು ಕೊಡುವುದನ್ನು ನಿಲ್ಲಿಸಿದರು, ಅಂಗಡಿ ಕೈಬಿಟ್ಟಿತು. ವಾರಿಂಗರೊಡನೆ ಹಳೆಯ ಮಿತ್ರರು ಮಾತು ಬಿಟ್ಟರು. 1952ರಲ್ಲಿ ನಿವೃತ್ತರಾಗಿ ಅವರು ಹುಟ್ಟೂರನ್ನು ತೊರೆದು ನ್ಯೂಯಾರ್ಕಿಗೆ ಹೊರಟುಹೋದರು. ಗೆಲ್ಲುವ ಆಸೆಯಿಂದಲ್ಲ, ಎಣಿಕೆಗೆ ಸಿಕ್ಕಬೇಕೆಂಬ ಒಂದೇ ಹಟದಿಂದ ಒಬ್ಬ ಅಂಗಡಿಕಾರರು ತಮ್ಮ ಜೀವನೋಪಾಯವನ್ನೇ ಪಣಕ್ಕಿಟ್ಟರೆಂಬುದನ್ನು ‘ನನ್ನ ಮತ ಯಾವ ಸುಖಕ್ಕೆ?’ ಎನ್ನುವವರು ಕೊಂಚ ಯೋಚಿಸಬೇಕು.

ಹೀಗೆ ಬೇರೆ ಬೇರೆ ದಾರಿಯಲ್ಲಿ ನಡೆಯುತ್ತಿದ್ದ ಈ ಎರಡು ರಾಜ್ಯಗಳ ಕಥೆ 1964ರಲ್ಲಿ ಒಂದೇ ತಿರುವಿನಲ್ಲಿ ಸಂಧಿಸಿತು. ಆ ವರ್ಷದ ಜುಲೈ ತಿಂಗಳಿನಲ್ಲಿ, ವರ್ಣಭೇದವನ್ನು ನಿಷೇಧಿಸುವ ನಾಗರಿಕ ಹಕ್ಕುಗಳ ಕಾಯಿದೆಗೆ ಡೆಮೊಕ್ರಾಟಿಕ್ ಅಧ್ಯಕ್ಷ ಲಿಂಡನ್ ಜಾನ್ಸನ್ನರು ಸಹಿ ಹಾಕಿದರು. ವರ್ಮಾಂಟಿನ ಇಬ್ಬರು ರಿಪಬ್ಲಿಕನ್ ಸೆನೆಟರುಗಳೂ ಅದರ ಪರವಾಗಿ ಮತ ನೀಡಿದ್ದರು. ಆದರೆ ಅದರ ವಿರುದ್ಧ ಮತ ನೀಡಿದ್ದ ಬ್ಯಾರಿ ಗೋಲ್ಡ್‌ವಾಟರರನ್ನೇ ರಿಪಬ್ಲಿಕನ್ ಪಕ್ಷ ಅಧ್ಯಕ್ಷ ಪದವಿಗೆ ನಿಲ್ಲಿಸಿತು. ನವೆಂಬರ್ 3ರಂದು ನೂರು ವರ್ಷದ ವ್ರತ ಮುರಿದು ವರ್ಮಾಂಟ್ ಮೊದಲ ಬಾರಿಗೆ ಡೆಮೊಕ್ರಾಟಿಕ್ ಅಭ್ಯರ್ಥಿಯನ್ನು ಗೆಲ್ಲಿಸಿತು. ಜಾನ್ಸನ್ನರಿಗೆ ಅಲ್ಲಿ ಶೇಕಡ 66 ಮತ. ಅದೇ ದಿನ ಸೌತ್ ಕೆರೊಲೈನಾ, 1876ರ ತರುವಾಯ ಮೊದಲ ಬಾರಿಗೆ, ರಿಪಬ್ಲಿಕನ್ ಅಭ್ಯರ್ಥಿಯ ಕಡೆಗೆ ವಾಲಿತು. ಅಜ್ಜಂದಿರ ಕಾಲದಿಂದ ಅಳ್ಳಾಡದೆ ನಿಂತಿದ್ದ ಎರಡು ಬಂಡೆಗಳು ಒಂದೇ ದಿನ ಎದುರುಬದುರು ದಿಕ್ಕಿಗೆ ಉರುಳಿದವು.

ಇದಾದ ಮೇಲೂ ವರ್ಮಾಂಟ್ 1968ರಿಂದ 1988ರವರೆಗೆ ಹಳೆಯ ಪಕ್ಷಕ್ಕೇ ಮರಳಿತು. ಆದರೆ ಒಳಗೊಳಗೇ ನೆಲ ಸಡಿಲವಾಗಿತ್ತು. 1962ರಲ್ಲಿಯೇ ಫಿಲಿಪ್ ಹಾಫರು ಬಲು ಕಡಿಮೆ ಅಂತರದಿಂದ ಗೆದ್ದು, ಶತಮಾನಕ್ಕೂ ಮೀರಿದ ಅವಧಿಯ ಬಳಿಕ ಮೊದಲ ಡೆಮೊಕ್ರಾಟಿಕ್ ಗವರ್ನರಾಗಿದ್ದರು. ಊರು ದೊಡ್ಡದಿರಲಿ ಚಿಕ್ಕದಿರಲಿ ಒಂದಕ್ಕೆ ಒಬ್ಬನೇ ಪ್ರತಿನಿಧಿ ಎಂದಿದ್ದ ಶಾಸನಸಭೆಯ ಕ್ರಮ 1965ರಲ್ಲಿ ಕೊನೆಗೊಂಡು, ಜನಸಂಖ್ಯೆಗೆ ತಕ್ಕಂತೆ ಸ್ಥಾನಗಳು ಹಂಚಿಕೆಯಾದವು. ಹೆದ್ದಾರಿಗಳು ಬಂದವು, ಹೊರ ರಾಜ್ಯಗಳಿಂದ ಹೊಸ ಜನ ಬಂದು ನೆಲಸಿದರು. 1992ರಲ್ಲಿ ಬಿಲ್ ಕ್ಲಿಂಟನ್ನರನ್ನು ಆರಿಸಿದ ವರ್ಮಾಂಟ್ 2024ರವರೆಗಿನ ಒಂಬತ್ತು ಚುನಾವಣೆಗಳಲ್ಲಿಯೂ ಡೆಮೊಕ್ರಾಟಿಕ್ ಪಕ್ಷವನ್ನೇ ಹಿಡಿದು ನಿಂತಿದೆ. ಒಂದು ಕಾಲಕ್ಕೆ ಬಲಗಡೆ ಏಕಪಕ್ಷೀಯ, ಈಗ ಎಡಗಡೆ ಏಕಪಕ್ಷೀಯ!

ಆದರೆ ಈ ಏಕಪಕ್ಷೀಯತೆಯನ್ನೂ ಹತ್ತಿರದಿಂದ ನೋಡಬೇಕು. 2024ರ ನವೆಂಬರ್ 5ರಂದು ವರ್ಮಾಂಟಿನ ಮತದಾರರು ಅಧ್ಯಕ್ಷ ಪದವಿಗೆ ಡೆಮೊಕ್ರಾಟಿಕ್ ಪಕ್ಷದ ಕಮಲಾ ಹ್ಯಾರಿಸರಿಗೆ ಶೇಕಡ 63ಕ್ಕೂ ಹೆಚ್ಚು ಮತ ಕೊಟ್ಟರು. ಬೇರೆ ಯಾವ ರಾಜ್ಯದಲ್ಲಿಯೂ ಅವರಿಗೆ ಅಷ್ಟು ದೊಡ್ಡ ಪಾಲು ದೊರೆಯಲಿಲ್ಲ. ಅದೇ ದಿನ, ಅದೇ ಮತದಾರರು, ಗವರ್ನರ್ ಪದವಿಗೆ ರಿಪಬ್ಲಿಕನ್ ಪಕ್ಷದ ಫಿಲ್ ಸ್ಕಾಟರಿಗೆ ಶೇಕಡ 70ನ್ನೂ ಮೀರಿದ ಮತ ಕೊಟ್ಟರು! ಆ ಸ್ಕಾಟರು ತಾವೇ ಹ್ಯಾರಿಸರಿಗೆ ಮತ ಹಾಕಿದುದಾಗಿ ಬಹಿರಂಗವಾಗಿ ಹೇಳಿದರೆಂಬುದು ಇನ್ನೊಂದು ಸೋಜಿಗ. ಆಸ್ತಿ ತೆರಿಗೆಯ ಏರಿಕೆಯಿಂದ ಬೇಸತ್ತ ಜನ ರಾಜ್ಯದ ಶಾಸನಸಭೆಯಲ್ಲಿ ಡೆಮೊಕ್ರಾಟಿಕ್ ಪಕ್ಷದ ಅನೇಕ ಸದಸ್ಯರನ್ನು ಮನೆಗೆ ಕಳುಹಿಸಿ, ಗವರ್ನರರ ನಿಷೇಧವನ್ನು ಮೀರಿ ಕಾಯಿದೆ ಮಾಡುವಷ್ಟಿದ್ದ ಅದರ ಬಹುಮತವನ್ನು ಕತ್ತರಿಸಿದರು. ಕುರಿಮಂದೆಯಂತೆ ಒಂದೇ ಕಡೆ ನುಗ್ಗುವ ಜನರ ಲಕ್ಷಣ ಇದಲ್ಲ. ಅಂಗಡಿಯಲ್ಲಿ ಅಕ್ಕಿಯನ್ನು ಒಂದು ಕಡೆ, ಬೇಳೆಯನ್ನು ಇನ್ನೊಂದು ಕಡೆ ಆರಿಸಿಕೊಳ್ಳುವ ಜಾಣ ಗೃಹಿಣಿಯ ಲಕ್ಷಣ.

ಸೌತ್ ಕೆರೊಲೈನಾದ ಕಡೆಗೆ ಕೊನೆಯದಾಗಿ ಒಮ್ಮೆ ತಿರುಗಿ ನೋಡಬಹುದು. ಮತದಾನದ ಹಕ್ಕನ್ನು ಕಾಪಾಡುವ 1965ರ ಕಾಯಿದೆ ಹಳೆಯ ಬೇಲಿಗಳನ್ನು ಕಿತ್ತುಹಾಕಿತು. 1980ರಿಂದ ಆ ರಾಜ್ಯ ಪ್ರತಿಯೊಂದು ಅಧ್ಯಕ್ಷ ಚುನಾವಣೆಯಲ್ಲಿಯೂ ರಿಪಬ್ಲಿಕನ್ ಪಕ್ಷವನ್ನೇ ಆರಿಸಿದೆ. ಇಂದಿಗೂ ಅದನ್ನು ಏಕಪಕ್ಷೀಯವೆಂದೇ ಕರೆಯುವರು. ಆದರೆ 2024ರಲ್ಲಿ ಟ್ರಂಪರಿಗೆ ಅಲ್ಲಿ ದೊರೆತದ್ದು ಶೇಕಡ ಸುಮಾರು 58; ಸೋತ ಹ್ಯಾರಿಸರಿಗೆ ಶೇಕಡ 40. ಎಲ್ಲರನ್ನೂ ಒಳಗೆ ಬಿಟ್ಟ ಮೇಲೆ ಏಕಪಕ್ಷೀಯತೆಯ ಮುಖ ಹೀಗಿರುತ್ತದೆ. 98 ಎಂಬ ಅಂಕ ಎಲ್ಲಿಯೇ ಕಾಣಿಸಲಿ, ಗೆದ್ದವರನ್ನು ಅಭಿನಂದಿಸುವ ಮುನ್ನ ಬಾಗಿಲಾಚೆ ಯಾರಾದರೂ ನಿಂತಿರುವರೇ ಎಂದು ನೋಡುವುದು ಮೇಲು.

ಸೋತವರ ಮತದಿಂದ ಅಂದಿನ ಫಲಿತಾಂಶ ಬದಲಾಗುವುದಿಲ್ಲ, ನಿಜ. ಆದರೆ ಆ ಮತ ಒಂದು ದಾಖಲೆ. ‘ಇಷ್ಟು ಮಂದಿ ಇದ್ದೇವೆ’ ಎಂದು ಅದು ನೆರೆಯವನಿಗೆ ಹೇಳುತ್ತದೆ. ಮುಂದಿನ ಸಲ ಸ್ಪರ್ಧಿಸಲು ಹಿಂಜರಿಯುವವನಿಗೆ ಧೈರ್ಯ ತುಂಬುತ್ತದೆ. ಗೆದ್ದವನಿಗೆ, ಈ ಊರೆಲ್ಲ ನಿನ್ನದಲ್ಲವೆಂದು ನೆನಪು ಕೊಡುತ್ತದೆ. ವರ್ಮಾಂಟಿನ ಶೇಕಡ 43 ಇಲ್ಲದಿದ್ದರೆ 1962ರ ಗೆಲುವಿಗೆ ಅಡಿಗಲ್ಲೆಲ್ಲಿ? ಇಂದು ಅದೇ ರಾಜ್ಯದ ಈಶಾನ್ಯ ಮೂಲೆಯ ಎಸೆಕ್ಸ್ ಕೌಂಟಿಯಲ್ಲಿ, ರಾಜ್ಯದ ಒಲವಿಗೆ ಎದುರಾಗಿ ಟ್ರಂಪರಿಗೆ ಮತ ಹಾಕುತ್ತಿರುವ ಮಂದಿಯ ಪಾಲಿಗೂ ಇದೇ ಮಾತು ಸಲ್ಲುತ್ತದೆ.

1936ರಲ್ಲಿ ಅಮೆರಿಕಾದಲ್ಲಿ ಮತ ಹಾಕಲು ಇಪ್ಪತ್ತೊಂದು ವರ್ಷವಾಗಿರಬೇಕಿತ್ತು. ಆ ವಯಸ್ಸಿನಲ್ಲಿ ವರ್ಮಾಂಟಿನ ಯಾವುದೋ ಹಳ್ಳಿಯಲ್ಲಿ ರೂಸ್‌ವೆಲ್ಟರಿಗೆ ಮೊದಲ ಮತ ಹಾಕಿ, ಸೋತು, ನಾಲ್ಕು ವರ್ಷಕ್ಕೊಮ್ಮೆ ತಪ್ಪದೆ ಹೋಗಿ ಸೋಲುತ್ತಲೇ ಬಂದವರು, ತಮ್ಮ ರಾಜ್ಯ ತಮ್ಮ ಕಡೆಗೆ ತಿರುಗಿದುದನ್ನು ಕಂಡಾಗ ಅವರಿಗೆ ನಲವತ್ತೊಂಬತ್ತು ವರ್ಷ. ಆ ನಡುವೆ ಏಳು ಸಲ ಅವರ ಮತದಿಂದ ಏನೂ ಆಗಲಿಲ್ಲ. ಆದರೆ ಏಳು ಸಲವೂ ಅದನ್ನು ಎಣಿಸಲಾಯಿತು. ಅಷ್ಟಕ್ಕಾಗಿಯೇ ಜಾರ್ಜ್ ಎಲ್ಮೋರರು ತಮ್ಮ ಅಂಗಡಿಯನ್ನು ಕಳೆದುಕೊಂಡರು.